ಓನರಮ್ಮನ ಕೈಯಳತೆ

ಅವರ ಹೆಸರನ್ನು ನಾನು ಓದಿದ್ದು ಒಂದೇ ಸಲ, ಬಾಡಿಗೆ ಕರಾರುಪತ್ರದಲ್ಲಿ. ಬಾಯಿಬಿಟ್ಟು ಕರೆದದ್ದಿಲ್ಲ. ಮಾದನಾಯಕನಹಳ್ಳಿಯ ಆ ಆರು ಮನೆಗಳ ಸಾಲಿನಲ್ಲಿ ಅವರು ಎದುರಿಗೆ ‘ಅಮ್ಮ’, ಹಿಂದಿನಿಂದ ‘ಓನರಮ್ಮ’. ಎರಡೂ ಅವರ ಕಿವಿಗೆ ಬೀಳುತ್ತಿದ್ದವು.

“ಓನರ್ ಅಂದ್ರೆ ಕುರ್ಚಿ ಮ್ಯಾಲೆ ಕುಂತಿರೋರು ಅನ್ಕಂಡಿದ್ದೆ. ನಂಗೆ ನೋಡಿದ್ರೆ ನಿಮ್ ನಲ್ಲಿ ಬಿಗಿಯೋದೇ ಕೆಲ್ಸ ಆಗೋಯ್ತು,” ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ತುಟಿಗಳ ನಡುವೆ ಎರಡು ಸ್ಕ್ರೂ ಇರುತ್ತಿದ್ದವು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಅಷ್ಟು ಸ್ಪಷ್ಟವಾಗಿ ಮಾತಾಡುವವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಅವರ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಬರೆಯದೆ ಸುಮ್ಮನಿದ್ದರೆ, ಅವರ ಎದುರು ಹೇಳಿದ ಸುಳ್ಳುಗಳ ಸಾಲಿಗೆ ಇನ್ನೊಂದು ಸೇರಿಸಿದ ಹಾಗಾಗುತ್ತದೆ.

ಆಗ ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಅಂಟು ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಪ್ರಯೋಗಾಲಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಹೊಸದಾಗಿ ಮದುವೆಯಾಗಿದ್ದೆ. ಓನರಮ್ಮನ ಯಜಮಾನರು ತೀರಿಹೋಗಿದ್ದರು, ಹೊಲವಿದ್ದ ಜಾಗದಲ್ಲಿ ಗೋಡೌನುಗಳು ಎದ್ದಿದ್ದವು, ಒಬ್ಬಳೇ ಮಗಳನ್ನು ನೆಲಮಂಗಲದ ಕಡೆ ಕೊಟ್ಟಿದ್ದರು. ಉಳಿದಿದ್ದ ಜಾಗದಲ್ಲಿ ಕಟ್ಟಿಸಿದ ಸಾಲುಮನೆಗಳ ಮೊದಲನೆಯದರಲ್ಲಿ ಅವರು ಇದ್ದರು, ಎರಡನೆಯದರಲ್ಲಿ ನಾವು.

ನಾವು ಹೋದ ವಾರದಲ್ಲೇ ಮಿಕ್ಸಿ ನಿಂತುಹೋಯಿತು. ತವರಿನಿಂದ ಬಂದ ಹೊಸ ಮಿಕ್ಸಿ. ನನ್ನ ಹೆಂಡತಿ ಅಳುವುದೊಂದು ಬಾಕಿ. ಓನರಮ್ಮ ಬಂದವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಿಕ್ಸಿಗೆ ಕಿವಿಗೊಟ್ಟು ಕೇಳಿ, ಅದನ್ನು ಮಗುವಿನಂತೆ ಮಗ್ಗುಲಿಗೆ ಮಲಗಿಸಿ, ಅಡಿಯಲ್ಲಿದ್ದ ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರು.

“ಇದ್ರ ಒಕ್ಕಳು ಒತ್ಬೇಕು ಅಷ್ಟೇ ಕಣವ್ವ. ಸುಸ್ತಾಗಿ ಮಲಗೈತೆ, ಕೆಟ್ಟಿಲ್ಲ. ಒಂದೇ ಸಲ ಅಷ್ಟೊಂದು ಕಡ್ಲೆಬೇಳೆ ಹಾಕ್ಬ್ಯಾಡ.”

ಸೆರಗು ಸೊಂಟದಿಂದ ಬಿಚ್ಚಿ ಇಳಿಬಿಟ್ಟರೆ ಕೆಲಸ ಮುಗಿಯಿತೆಂದು ಅರ್ಥ. ಇಸ್ತ್ರಿಪೆಟ್ಟಿಗೆಯ ವೈರು, ಛತ್ರಿಯ ಕಡ್ಡಿ, ಕುಕ್ಕರಿನ ಹಿಡಿ, ಗೋಡೆಯ ಬಿರುಕು, ಯಾವುದಕ್ಕೂ ಅವರು ಹೊರಗಿನವರನ್ನು ಕರೆಯುತ್ತಿರಲಿಲ್ಲ. ಟೇಪು, ಸ್ಕೇಲು ಮುಟ್ಟುತ್ತಿರಲಿಲ್ಲ. ವಾಷರಿನ ಅಳತೆ ಕಿರುಬೆರಳಿಗೆ, ಮರಳು ಸಿಮೆಂಟು ತೆಂಗಿನ ಚಿಪ್ಪಿಗೆ. ನಾನು ಪ್ರಯೋಗಾಲಯದಲ್ಲಿ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ, ಉಸಿರು ಹಿಡಿದು ಅಳೆಯುವವನು. ಅವರ ಕೈಯಳತೆಯನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಆದರೆ ಅವರು ಮೆತ್ತಿದ ಸಿಮೆಂಟು ಒಂದೂ ಬಿರುಕು ಬಿಟ್ಟದ್ದನ್ನು ನಾನು ನೋಡಲಿಲ್ಲ.

ಅವರ ಉಪಕರಣಗಳೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿರುತ್ತಿದ್ದವು. ಅವರ ತಂದೆ ಯಾವುದೋ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಅದು ಅಲ್ಲಿಂದ ಬಂದ ಔಷಧಿ ಪೆಟ್ಟಿಗೆ. ಅದರ ಬಾಗಿಲು ವಿಶೇಷವಾಗಿತ್ತು. ಅಂಗಡಿಗಳ ರೋಲಿಂಗ್ ಶಟರ್ ಇರುತ್ತದಲ್ಲ, ಅದನ್ನು ಮರದಲ್ಲಿ ಚಿಕ್ಕದಾಗಿ ಮಾಡಿದ ಹಾಗೆ. ಬೆರಳಗಲದ ಮರದ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ, ಹಿಂದುಗಡೆ ಒಂದು ದಪ್ಪ ಬಟ್ಟೆಗೆ ಅಂಟಿಸಿದ್ದರು. ಪಟ್ಟಿಗಳ ಎರಡು ತುದಿಗಳೂ ಪೆಟ್ಟಿಗೆಯ ಗೋಡೆಯಲ್ಲಿ ಉದ್ದಕ್ಕೂ ಕೊರೆದ ಕಾಲುವೆಯಲ್ಲಿ, ಬಡಗಿಗಳ ಮಾತಿನಲ್ಲಿ ಗಾಡಿಯಲ್ಲಿ, ಕೂತಿರುತ್ತಿದ್ದವು. ಮೇಲಕ್ಕೆ ತಳ್ಳಿದರೆ ಬಾಗಿಲು ಬಾಗಿಕೊಂಡು, ಪೆಟ್ಟಿಗೆಯ ಬೆನ್ನಿನ ಕಡೆಗೆ ಜಾರಿ ಮರೆಯಾಗುತ್ತಿತ್ತು. ಅದು ಜಾರುವ ಸದ್ದು, ಯಾರೋ ರಾಗಿ ಕೇರಿದಂತೆ, ನಮ್ಮ ಗೋಡೆಯಾಚೆಯಿಂದ ದಿನಕ್ಕೆ ಹತ್ತು ಸಲ ಕೇಳುತ್ತಿತ್ತು.

ಒಂದು ಬೇಸಿಗೆಯಲ್ಲಿ ಆ ಬಟ್ಟೆ ಹರಿಯಿತು. ಹಳೆಯದಾಗಿ ಪುಡಿಯಾಗಿ ಉದುರುತ್ತಿತ್ತು. ಪಟ್ಟಿಗಳು ಬಿಡಿಬಿಡಿಯಾದವು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವನು ಬಟ್ಟೆ ಒಣಹಾಕುವ ತಂತಿಯ ಮೇಲೆ ಒಂದು ವಿಚಿತ್ರ ಕಂಡೆ. ಹಳೆಯ ಲಂಗದ ಮೂರು ತುಂಡುಗಳು, ಒಂದೊಂದಕ್ಕೂ ಆರಾರು ಐಸ್‌ಕ್ರೀಂ ಕಡ್ಡಿಗಳನ್ನು ಸಾಲಾಗಿ ಅಂಟಿಸಿ ಕ್ಲಿಪ್ಪು ಹಾಕಿ ನೇತುಹಾಕಿದ್ದರು.

“ಏನಮ್ಮ ಇದು?”

“ಪರೀಕ್ಷೆ ಕಣಪ್ಪ. ಯಾವ ಅಂಟು ಪಾಸಾಗ್ತೈತೆ ನೋಡ್ತಾ ಇವ್ನಿ.” ಒಂದೊಂದನ್ನೇ ತೆಗೆದು ನನ್ನ ಮುಂದೆ ಬಗ್ಗಿಸಿ ತೋರಿಸಿದರು. “ಇದು ಬಡಗಿಗಳು ಪ್ಲೈವುಡ್‌ಗೆ ಆಕೋ ಬಿಳೀ ಅಂಟು. ಗಟ್ಟಿಯಾಗೇ ಹಿಡೀತು, ಆದ್ರೆ ನೀರಾಗಿ ಕಡ್ಡಿ ಸಂದಿಗೆಲ್ಲ ಇಳ್ಕಂಡೈತೆ ನೋಡು. ಇನ್ನೂ ತೆಳ್ಳುಗೆ ಸವರಬೇಕಿತ್ತು. ಇದು ಚಪ್ಲಿ ಹೊಲಿಯೋರ ಸಲ್ಯೂಷನ್ನು. ಚೆನ್ನಾಗಿ ಬಗ್ತೈತೆ, ಬಿಸ್ಲು ಬಿದ್ರೆ ಜಾರ್ತೈತೆ. ಇದು ವಜ್ರದಂಟು. ಮೂಳೆ ಚರ್ಮ ಕುದಿಸಿ ಮಾಡೋದು, ನಮ್ಮಪ್ಪ ಇದ್ನೇ ಆಕ್ತಿದ್ದ. ಬಿಸಿನೀರಲ್ಲಿ ಬಟ್ಲು ಇಟ್ಟು ಕರಗಿಸ್ಬೇಕು. ನೋಡು, ಹಿಡ್ಕಂಡೂ ಐತೆ, ಬಗ್ಗೂ ಬಗ್ತೈತೆ. ನಾಳೆ ಕೆಟ್ರೂ ಬಿಸಿನೀರು ಸೋಕಿಸಿ ಬಿಡಿಸ್ಬೋದು. ವಾಸ್ನೆ ಒಂದೇ ತಡ್ಕಬೇಕು.”

ಅವರ ಪರೀಕ್ಷೆ ಅಲ್ಲಿಗೆ ಮುಗಿದಿತ್ತು. ಸರಿಯಾದ ಉತ್ತರ ಅವರ ಕೈಯಲ್ಲೇ ಇತ್ತು. ನಾನು ಪ್ರಯೋಗಾಲಯದಲ್ಲಿ ಮಾಡಿದ್ದರೂ ಅದಕ್ಕಿಂತ ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ. ಅವರು ಮರ್ಯಾದೆಗೆಂದು ಕೇಳಿದರು:

“ನೀನು ಅಂಟಿನ ಫ್ಯಾಕ್ಟ್ರಿಯೋನು. ನೀನೇನಂತೀಯ?”

ಆ ವಾರವಷ್ಟೇ ನನಗೆ ಸೀನಿಯರ್ ಎಂಬ ಪದ ಹುದ್ದೆಯ ಹೆಸರಿಗೆ ಸೇರಿತ್ತು. ನಾನು ನಕ್ಕೆ.

“ಅಮ್ಮ, ಈ ಕಾಲದಲ್ಲಿ ಮೂಳೆ ಕುದಿಸಿದ ಅಂಟು ಯಾರಮ್ಮ ಹಾಕ್ತಾರೆ? ನಾನು ಫ್ಯಾಕ್ಟರಿಯಿಂದ ತಂದ್ಕೊಡ್ತೀನಿ ಇರಿ. ವಿಮಾನಕ್ಕೆ ಹಾಕೋ ಅಂಥದ್ದು.”

“ಇಮಾನಕ್ಕಾ?” ಅವರ ಮುಖ ಅರಳಿತು. ಕೈಯಲ್ಲಿದ್ದ ವಜ್ರದಂಟಿನ ತುಂಡನ್ನು ಮಡಿಚಿಟ್ಟರು.

ನಮ್ಮ ಕಾರ್ಖಾನೆಯ ಅಂಟು ಯಾವ ವಿಮಾನದ ಹತ್ತಿರಕ್ಕೂ ಹೋಗಿರಲಿಲ್ಲ. ಅಡುಗೆಮನೆ ಕಟ್ಟೆಗಳ ಗ್ರಾನೈಟ್ ಅಂಚು ಜೋಡಿಸುವ ಎಪಾಕ್ಸಿ ನಮ್ಮ ಮುಖ್ಯ ಸರಕು. ಶನಿವಾರ ಮನೆಗೆ ಹೊರಡುವಾಗ ಶೆಲ್ಫಿನಲ್ಲಿದ್ದ ಅದರ ಎರಡು ಸ್ಯಾಂಪಲ್ ಬಾಟಲಿಗಳನ್ನು, ಒಂದು ಅಂಟು, ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್, ಜೇಬಿಗೆ ಹಾಕಿಕೊಂಡೆ. ಬಾಗಿಲನ್ನು ಒಮ್ಮೆ ಕೈಗೆತ್ತಿ ನೋಡಬೇಕೆಂದೂ ನನಗೆ ಅನ್ನಿಸಲಿಲ್ಲ.

ಸಂಜೆ ನಾವಿಬ್ಬರೂ ತುಮಕೂರಿಗೆ ಒಂದು ಮದುವೆಗೆ ಹೊರಟಿದ್ದೆವು. ಬೈಕು ಶುರು ಮಾಡಿಟ್ಟು ಬಾಟಲಿಗಳನ್ನು ಅವರ ಕೈಗೆ ಕೊಟ್ಟೆ.

“ಎರಡನ್ನೂ ಸಮಸಮ ಬೆರೆಸಿ ಹಚ್ಚಿಬಿಡಿ. ಬೆಳಗ್ಗೆ ಅಷ್ಟೊತ್ತಿಗೆ ರೆಡಿ.”

ಅವರು ಬಾಟಲಿ ಬಿಚ್ಚಿ ಮೂಸಿ ನೋಡಿದರು. ಎರಡು ಬೆರಳ ನಡುವೆ ಒಂದು ಹನಿ ಉಜ್ಜಿದರು. ಆಮೇಲೆ ಕೇಳಿದರು:

“ಒಣಗಿದ್ಮ್ಯಾಲೆ ಬಗ್ತೈತೇನಪ್ಪ ಇದು?”

ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಆ ಅಂಟು ಒಣಗಿದ ಮೇಲೆ ಎಷ್ಟು ಗಡಸು ಎಂದು ದಿನಕ್ಕೆ ನಾಲ್ಕು ಬಾರಿ ಅಳೆದು ಬರೆಯುವುದೇ ನನ್ನ ಉದ್ಯೋಗ. ಕಲ್ಲು ಒಡೆದರೂ ಬೆಸುಗೆ ಬಿಡಬಾರದು ಎನ್ನುವಂಥ ಅಂಟು. ಹೆಂಡತಿ ಹಿಂದೆ ಕೂತಿದ್ದಳು, ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದೆ, ಮುಹೂರ್ತದ ಹಿಂದಿನ ದಿನದ ಆರತಕ್ಷತೆಗೆ ತಡವಾಗುತ್ತಿತ್ತು.

“ಬಗ್ಗುತ್ತೆ ಬಿಡಿ ಅಮ್ಮ,” ಅಂದೆ.

ಭಾನುವಾರ ಸಂಜೆ ನಾವು ವಾಪಸು ಬಂದಾಗ ಓನರಮ್ಮ ಗೇಟಿನ ಹತ್ತಿರವೇ ನಿಂತಿದ್ದರು. ಎರಡೂ ಕೈಯಲ್ಲಿ ಆ ಬಾಗಿಲನ್ನು ಎದೆಗೆ ಹಿಡಿದುಕೊಂಡಿದ್ದರು, ಶಾಲೆಯ ಮಕ್ಕಳು ಸ್ಲೇಟು ಹಿಡಿದ ಹಾಗೆ. ಅದು ಒಂದಿಷ್ಟೂ ಬಾಗದೆ ನೆಟ್ಟಗೆ ನಿಂತಿತ್ತು.

“ನೋಡಪ್ಪ, ಹಲಗೆ ಆಗ್ಬಿಟ್ಟೈತೆ. ಗಾಡಿಗೇ ಓಗ್ತಾ ಇಲ್ಲ. ಒಸಿ ಬಗ್ಸಾಕೋದ್ರೆ ಮೂರು ಪಟ್ಟಿ ಸೀಳ್ತು.”

ಧ್ವನಿಯಲ್ಲಿ ದೂರು ಇರಲಿಲ್ಲ. ಮಿಕ್ಸಿಗೆ ಕಿವಿಗೊಟ್ಟು ಕೇಳುತ್ತಿದ್ದರಲ್ಲ, ಹಾಗೆಯೇ, ಏನಾಯಿತು ಎಂದು ತಿಳಿಯುವ ಕುತೂಹಲ. ನಾನು ಆಗಲೇ ಹೇಳಿಬಿಡಬಹುದಾಗಿತ್ತು. ‘ತಪ್ಪು ಅಂಟು ಕೊಟ್ಟೆ ಅಮ್ಮ’ ಎಂಬ ನಾಲ್ಕು ಪದ. ಆದರೆ ಹೆಂಡತಿ ಪಕ್ಕದಲ್ಲಿದ್ದಳು. ಮೂರನೇ ಮನೆಯ ಅಕ್ಕ ಕುತೂಹಲದಿಂದ ಹೊರಗೆ ಬಂದಿದ್ದರು. ಕೊನೆಯ ಮನೆಯಲ್ಲಿದ್ದ, ಕೊಪ್ಪಳದ ಕಡೆಯ ಗ್ರಾನೈಟ್ ಕೆಲಸದವನು ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದ.

“ಹಾರ್ಡ್‌ನರ್ ಜಾಸ್ತಿ ಹಾಕಿದ್ದೀರ ಅಮ್ಮ,” ಅಂದೆ.

“ಇಲ್ಲ ಕಣಪ್ಪ. ಸಮಸಮ ಆಕ್ದೆ. ಒಂದೇ ಚಮಚದಲ್ಲಿ, ಒರೆಸಿ ಒರೆಸಿ.”

“ಚಮಚದಲ್ಲಿ ಅಳೆದ್ರೆ ಹೆಚ್ಚುಕಮ್ಮಿ ಆಗುತ್ತೆ. ಕಣ್ಣು ಸರಿಯಾಗಿ ಕಂಡಿರಲ್ಲ. ವಯಸ್ಸಾಯ್ತಲ್ಲ.”

ಅವರು ಬಾಗಿಲನ್ನು ಸ್ವಲ್ಪ ದೂರ ಹಿಡಿದು ನೋಡಿದರು. ಆಮೇಲೆ ಹತ್ತಿರ ತಂದು ನೋಡಿದರು.

ಕೊಪ್ಪಳದವನು ಒದ್ದೆ ಕಾಲಲ್ಲೇ ಬಂದು ಬಾಗಿಲಿನ ಹಿಂಬದಿಗೆ ಮೂಗು ಹಚ್ಚಿದ. “ಸರ, ಇದು ನಾವು ಕಲ್ಲಿಗೆ ಹಚ್ಚೂ ಅಂಟಿನ ವಾಸನಿ ಬರಾಕತ್ತೈತ್ರಿ. ಅದು ಬಗ್ಗಂಗಿಲ್ರಿ. ಅವ್ವಾರು ಎಷ್ಟ ಹಾಕಿದ್ರೂ ಅಷ್ಟ.”

“ಅದು ಬೇರೆ ಗ್ರೇಡು, ಇದು ಬೇರೆ ಗ್ರೇಡು. ಕೆಮಿಸ್ಟ್ರಿ ನಿಮಗೆ ಗೊತ್ತಾಗಲ್ಲ,” ಅಂದೆ. ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. “ಇರಬೋದ್ರಿ,” ಎಂದು ನಲ್ಲಿಯ ಕಡೆ ಹೋದ. ಅವನಿಗೆ ಗೊತ್ತಾಯಿತು. ಅವನಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು.

ಓನರಮ್ಮ ಮಾತ್ರ ನನ್ನನ್ನೇ ನಂಬಿದರು. “ಅಂಗೇ ಇರ್ಬೇಕು ಬಿಡು. ನೀನು ಪಾಪ ಇಮಾನದ ಅಂಟು ತಂದ್ಕೊಟ್ಟೆ, ನಾನು ಕೆಡಿಸ್ಕಂಡೆ. ಬೇಜಾರ್ ಮಾಡ್ಕಬ್ಯಾಡಪ್ಪ.”

ಒಳಗೆ ಬಂದ ಮೇಲೆ ಹೆಂಡತಿ ಕೇಳಿದಳು, “ನಿಜವಾಗ್ಲೂ ಅವರೇ ಜಾಸ್ತಿ ಹಾಕಿದ್ದಾ?”

“ಹೂಂ,” ಅಂದೆ.

ಒಂದು ಬಾಗಿಲು ಕೆಟ್ಟರೆ ಕೆಟ್ಟಿತು, ಒಂದು ತಿಂಗಳಲ್ಲಿ ಮರೆತುಹೋಗುತ್ತದೆ ಎಂದುಕೊಂಡಿದ್ದೆ. ಅವರು ಆ ಹಲಗೆಯನ್ನು ಬಿಸಾಡಲಿಲ್ಲ. “ಹಲಗೆ ಆದ್ಮ್ಯಾಲೆ ಹಲಗೆ ಕೆಲ್ಸನೇ ಮಾಡ್ಲಿ,” ಎಂದು ನಲ್ಲಿಯ ಪಕ್ಕದ ಹಂಡೆಯ ಬಾಯಿಗೆ ಮುಚ್ಚಳ ಮಾಡಿದರು. ಆರೂ ಮನೆಯವರು ನೀರು ತೋಡುತ್ತಿದ್ದ ಹಂಡೆ ಅದು. ನಾನು ಪ್ರತಿದಿನ ಬೆಳಿಗ್ಗೆ ಅದನ್ನು ಎತ್ತಿ, ನೀರು ತೋಡಿ, ಮತ್ತೆ ಮುಚ್ಚಬೇಕಿತ್ತು. ಬಟ್ಟೆಯ ಮೇಲೆ ನನ್ನ ಅಂಟು ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ನೀರಿಗೂ ಬಿಸಿಲಿಗೂ ಅದಕ್ಕೆ ಏನೂ ಆಗಲಿಲ್ಲ. ನಮ್ಮ ಕಾರ್ಖಾನೆಯ ಜಾಹೀರಾತಿನಲ್ಲಿ ಹೇಳಿದ್ದೆಲ್ಲ ನಿಜವಾಗಿತ್ತು.

ಆದರೆ ಓನರಮ್ಮ ಬದಲಾಗತೊಡಗಿದರು. ಮೊದಲು ಕಣ್ಣಾಸ್ಪತ್ರೆಗೆ ಹೋಗಿಬಂದರು. “ಡಾಕ್ಟ್ರು ಕಣ್ಣು ಚೆನ್ನಾಗೈತೆ, ಓದೋ ಕನ್ನಡಕ ಸಾಕು ಅಂತಾನೆ. ಚೆನ್ನಾಗಿದ್ರೆ ಅಂಗ್ಯಾಕಾಯ್ತು ಯೋಳು? ಚಿಕ್ಕ ವಯಸ್ಸಿನ ಡಾಕ್ಟ್ರು, ಅವ್ನಿಗೇನ್ ಗೊತ್ತಾಗ್ತೈತೆ.” ಡಾಕ್ಟರನ್ನು ನಂಬಲಿಲ್ಲ, ನನ್ನನ್ನು ನಂಬಿದರು.

ಮೂರನೇ ಮನೆಯ ನಲ್ಲಿ ಸೋರಿದಾಗ ವಾಷರ್ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರಂತೆ. ಕಿರುಬೆರಳಿಗೆ ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೆ, “ಪ್ಲಂಬರ್‌ನ ಕರ್ಸಿಬಿಡವ್ವ, ನನ್ ಅಳತೆ ಕೆಟ್ಟೋಗೈತೆ,” ಅಂದರಂತೆ. ನನ್ನ ಹೆಂಡತಿ ಇದನ್ನು ಹೇಳಿದಾಗ ನಾನು ಊಟ ಮಾಡುತ್ತಿದ್ದೆ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಯಾರಾದರೂ ಆ ಮುಚ್ಚಳದ ಬಗ್ಗೆ ಕೇಳಿದರೆ ಅವರು ಕಥೆಯನ್ನು ಪೂರ್ತಿ ಹೇಳುತ್ತಿದ್ದರು, ಪ್ರತಿ ಸಲವೂ ನನ್ನನ್ನು ಕಾಪಾಡಿಕೊಂಡು. “ಆಯಪ್ಪಂದೇನೂ ತಪ್ಪಿಲ್ಲ. ಒಳ್ಳೇ ಅಂಟು.” ಅವರ ಮಾತಿನಿಂದ ಸಾಲುಮನೆಗಳಲ್ಲಿ ನನ್ನ ಮರ್ಯಾದೆ ಹೆಚ್ಚಿತ್ತು.

ಒಂದು ಭಾನುವಾರ ಬೆಳಿಗ್ಗೆ ಹೇಳಿಬಿಡಬೇಕೆಂದು ನಿರ್ಧರಿಸಿ ಅವರ ಮನೆಗೆ ಹೋದೆ. ಅವರು ಅಡುಗೆಮನೆಯ ಹೊಸಿಲ ಮೇಲೆ ಕೂತಿದ್ದರು. ಮುಂದೆ ಕುಕ್ಕರ್, ಅದರ ಹಿಡಿ ಸಡಿಲವಾಗಿ ಅಲುಗುತ್ತಿತ್ತು. ಒಂದೇ ಒಂದು ಸ್ಕ್ರೂ. ಪಕ್ಕದಲ್ಲಿ ಸ್ಕ್ರೂಡ್ರೈವರ್ ಇತ್ತು. ಅವರು ಅದನ್ನು ಮುಟ್ಟಿರಲಿಲ್ಲ.

“ಬಾರಪ್ಪ, ಒಳ್ಳೇ ಟೈಮ್‌ಗೆ ಬಂದೆ. ಇದೊಂದು ಬಿಗ್ದುಕೊಡು.”

“ನೀವೇ ಬಿಗೀಬೋದಲ್ಲಮ್ಮ. ಇದೇನು ನಿಮಗೆ.”

“ಬ್ಯಾಡಪ್ಪ. ಪ್ರೆಷರ್ ಇರೋ ಸಾಮಾನು. ನಾನು ಬಿಗ್ದು ಹೆಚ್ಚುಕಮ್ಮಿಯಾಗಿ ಯಾರ್ ಮುಖಕ್ಕಾದ್ರೂ ಸಿಡಿದ್ರೆ? ಓದ್ದೋನು ನೀನು. ನೀನೇ ಮಾಡು.”

ಹೆಚ್ಚುಕಮ್ಮಿ ಎಂಬುದು ನಾನು ಗೇಟಿನ ಬಳಿ ಬಳಸಿದ್ದ ಪದ. ನಾನು ಕೂತು ಸ್ಕ್ರೂ ಬಿಗಿದೆ. ಕೈ ಜಾರಿ ಒಂದು ಸಲ ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ಮೊದಲಾಗಿದ್ದರೆ ಅದನ್ನು ಕಸಿದುಕೊಂಡು, “ಕೊಡಿಲ್ಲಿ, ಇಂಗೆ ಹಿಡ್ಕಬೇಕು,” ಅನ್ನುತ್ತಿದ್ದ ಹೆಂಗಸು. ಈಗ ಸುಮ್ಮನೆ ನೋಡುತ್ತಿದ್ದರು. ಮುಗಿದ ಮೇಲೆ ಹಿಡಿಯನ್ನು ಅಲುಗಿಸಿ ನೋಡಿ, “ಗಟ್ಟಿ ಆಯ್ತು. ನಿನ್ ಕೈ ಚೆನ್ನಾಗೈತೆ,” ಅಂದರು. ಕಾಫಿ ಕೊಟ್ಟರು. ಕುಡಿದೆ. ಹೇಳಲು ಹೋದ ಮಾತನ್ನು ಹೇಳದೆ ಎದ್ದು ಬಂದೆ.

ಅದಾದ ಮೇಲೆ ಅವರು ತಮ್ಮ ಉಪಕರಣಗಳನ್ನು ಒಂದೊಂದಾಗಿ ಕೊಟ್ಟುಬಿಟ್ಟರು. ಇಕ್ಕಳ, ಸುತ್ತಿಗೆ ಕೊಪ್ಪಳದವನಿಗೆ ಹೋದವು. ಬಾಗಿಲಿಲ್ಲದ ಪೆಟ್ಟಿಗೆ ಅಟ್ಟ ಸೇರಿತು. ಮುಂದಿನ ವರ್ಷ ನಾವು ದಾಸರಹಳ್ಳಿಗೆ ಮನೆ ಬದಲಾಯಿಸಿದೆವು. ಆಫೀಸಿಗೆ ಹತ್ತಿರವಾಗುತ್ತದೆ ಎಂದು ಎಲ್ಲರಿಗೂ ಹೇಳಿದೆ. ಹೊರಡುವ ದಿನ ಓನರಮ್ಮ ನನ್ನ ಹೆಂಡತಿಯ ಮಡಿಲಿಗೆ ತೆಂಗಿನಕಾಯಿ ಹಾಕಿ ಕಣ್ಣೊರೆಸಿಕೊಂಡರು.

ಐದಾರು ವರ್ಷ ಕಳೆದವು. ಆ ದಾರಿಯಲ್ಲಿ ನೆಲಮಂಗಲದ ಕಡೆ ಎಷ್ಟೋ ಸಲ ಹೋಗಿದ್ದೇನೆ. ಮಾದನಾಯಕನಹಳ್ಳಿ ಬಂದರೆ ಎಡಕ್ಕೆ ತಿರುಗಿ ನೋಡುತ್ತಿರಲಿಲ್ಲ. ಒಂದು ದಿನ ಕೊಪ್ಪಳದವನ ಫೋನು ಬಂತು. ನನ್ನ ನಂಬರು ಇನ್ನೂ ಅವನ ಹತ್ತಿರ ಇತ್ತು.

“ಸರ, ಅವ್ವಾರು ತೀರಿಕೊಂಡ್ರರೀ. ಗುರುವಾರ ಹನ್ನೊಂದನೇ ದಿನದ ಕಾರ್ಯ ಐತಿ. ನಿಮಗ ತಿಳಿಸಬೇಕು ಅನ್ನಿಸ್ತು.”

ಹೋದೆ. ಸಾಲುಮನೆಗಳ ಮುಂದೆ ಶಾಮಿಯಾನ ಹಾಕಿದ್ದರು. ಮಗಳು ನನ್ನನ್ನು ಗುರುತು ಹಿಡಿದು, “ಅಂಟಿನ ಫ್ಯಾಕ್ಟರಿ ಸಾರ್ ಅಲ್ವಾ? ಅಮ್ಮ ನಿಮ್ಮನ್ನ ತುಂಬ ನೆನೆಸ್ಕೊಳ್ತಿದ್ರು,” ಅಂದರು. ಆ ಮಾತನ್ನು ಕೇಳಿಸಿಕೊಂಡು ನಿಲ್ಲಲು ನನಗೆ ಆಗಲಿಲ್ಲ. ಶಾಮಿಯಾನದ ಕಂಬದ ಪಕ್ಕಕ್ಕೆ ಕರೆದು ಹೇಳಿದೆ. ಬಾಗಿಲು, ವಜ್ರ, ಗ್ರಾನೈಟ್ ಅಂಟು, ಬಗ್ಗುತ್ತೆ ಎಂದದ್ದು, ಕಣ್ಣು ಕಾಣಿಸಿರಲ್ಲ ಎಂದದ್ದು. ಅಮ್ಮನ ಅಳತೆ ಸರಿಯಾಗಿಯೇ ಇತ್ತು, ತಪ್ಪು ನನ್ನದು ಎಂದೆ.

ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ ಹೇಳಿದರು.

“ಕೊನೆಗೆ ಮೂರು ವರ್ಷ ಅವರಿಗೆ ಸಕ್ಕರೆ ಕಾಯಿಲೆ ಸಾರ್. ಇನ್ಸುಲಿನ್ ತಗೋಬೇಕಿತ್ತು. ಡಾಕ್ಟ್ರು ಕಲಿಸಿಕೊಟ್ರು, ಸಿರಿಂಜ್‌ನಲ್ಲಿ ಗೆರೆ ನೋಡ್ಕೊಂಡು ತಗೊಳ್ಳಿ ಅಂತ. ಅವರು ಒಪ್ಲೇ ಇಲ್ಲ. ‘ನನ್ ಕಣ್ಣು ಅಳತೆ ತಪ್ತದೆ, ಹೆಚ್ಚುಕಮ್ಮಿ ಆಗ್ತದೆ’ ಅಂತ ಹೆದರ್ತಿದ್ರು. ಅದಕ್ಕೇ ದಿನಾ ಎರಡು ಸಲ ನಾನು ನೆಲಮಂಗಲದಿಂದ ಬಸ್ಸಲ್ಲಿ ಬರ್ತಿದ್ದೆ. ಬರೋಕ್ಕಾಗದ ದಿನ ಯಾರನ್ನಾದ್ರೂ ಬೇಡ್ಕೊಂಡು ಹಾಕಿಸ್ಕೊಳ್ತಿದ್ರು. ಯಾರೂ ಸಿಗದಿದ್ರೆ ಹಾಗೇ ಇರ್ತಿದ್ರು.”

ಅವರು ಶಾಮಿಯಾನದ ಕಂಬದ ಸಡಿಲ ಹಗ್ಗವನ್ನು ಎಳೆದು ಬಿಗಿದರು.

“ನಾವೆಲ್ಲ ವಯಸ್ಸಿನ ಭಯ ಅನ್ಕೊಂಡಿದ್ವಿ,” ಅಂದರು. “ಇದನ್ನ ಅವರಿಗೆ ಹೇಳ್ಬೇಕಿತ್ತು ಸಾರ್. ನನಗೆ ಹೇಳಿ ಏನಾಗ್ಬೇಕು.”

ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಯಾರೋ ಒಳಗಿನಿಂದ ಅವರನ್ನು ಕರೆದರು. ಹೊರಟವರು ತಿರುಗಿ, “ಪಂಕ್ತಿ ಕೂರ್ತಾ ಇದೆ. ಊಟ ಮಾಡ್ಕೊಂಡು ಹೋಗಿ,” ಅಂದರು.

ಹೊರಟುಬಿಡುವ ಧೈರ್ಯವೂ ನನಗಿರಲಿಲ್ಲ. ಹೋಗಿ ಸಾಲಿನ ತುದಿಯಲ್ಲಿ ಕೂತೆ. ಎಲೆ ಹಾಕಿದರು, ನೀರು ಚಿಮುಕಿಸಿದೆ. ಬಡಿಸುತ್ತಿದ್ದ ಹಿರಿಯರೊಬ್ಬರು, ಅವರ ಕಡೆಯ ನೆಂಟರಿರಬೇಕು, ಮುದ್ದೆಯ ತಟ್ಟೆ ಹಿಡಿದು ನನ್ನ ಮುಂದೆ ಬಗ್ಗಿದರು. ಗುರುತು ಸಿಗದೆ ಮುಖ ನೋಡಿದರು.

“ನೀವು ಅಮ್ಮಂಗೆ ಏನಾಗ್ಬೇಕು?”

“ಬಾಡಿಗೆಗಿದ್ದೆ,” ಅಂದೆ.